ಡಬ್ಬದ ಮೇಲೆ ‘ಕ್ಲಿಯರ್ಡ್’ ಅಂತಿದೆ, ‘ಅಪ್ರೂವ್ಡ್’ ಅಂತಿಲ್ಲ. ನಂಬಬಹುದಾ?

ಪ್ರಶ್ನೆ

ಅಪ್ಪನಿಗೆ 62. ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಇದೆಯಾ ಅಂತ ನೋಡುವ ಕಿಟ್ ತಂದು ಪರೀಕ್ಷೆ ಮಾಡಿದೆವು. ಎರಡು ಗೆರೆ ಬಂತು. ಪಾಸಿಟಿವ್. ಅಪ್ಪ ಕನ್ನಡಕ ಹಾಕಿಕೊಂಡು ಡಬ್ಬ ಪೂರ್ತಿ ಓದಿ, “ನೋಡು, ಎಫ್‌ಡಿಎ ಕ್ಲಿಯರ್ಡ್ ಅಂತ ಮಾತ್ರ ಇದೆ, ಅಪ್ರೂವ್ಡ್ ಅಂತ ಇಲ್ಲ. ಇದನ್ನ ಯಾರು ನಂಬ್ತಾರೆ” ಅಂತ ಎದ್ದು ಹೋದರು. ಅಷ್ಟು ವ್ಯತ್ಯಾಸ ಇದೆಯಾ?

ಲ್ಯಾಬಿನವಳು

19 ವರ್ಷದಿಂದ ಇದೇ ಕೆಲಸ ನನ್ನದು. ನಿಮ್ಮಪ್ಪ ಓದಿದ್ದು ಸರಿ, ತೀರ್ಮಾನ ತಪ್ಪು.

ಔಷಧ, ವೈದ್ಯಕೀಯ ಸಾಧನಗಳನ್ನು ಪರಿಶೀಲಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ‘ಅಪ್ರೂವಲ್’ ಕೊಡುವುದು ಹೆಚ್ಚಾಗಿ ಅಪಾಯ ಜಾಸ್ತಿ ಇರುವ ಮೂರನೇ ದರ್ಜೆಯ ಸಾಧನಗಳಿಗೆ. ಮಲದಲ್ಲಿ ರಕ್ತ ಹುಡುಕುವ ಈ ಟೆಸ್ಟ್ ಎರಡನೇ ದರ್ಜೆಯದು. ಇದಕ್ಕೆ 510(ಕೆ) ಅಂತ ಅರ್ಜಿ ಹಾಕುತ್ತಾರೆ. ಆಗಲೇ ಮಾರಾಟದಲ್ಲಿರುವ ಇಂಥದ್ದೇ ಟೆಸ್ಟ್ ಒಂದನ್ನು ತೋರಿಸಿ, ನಮ್ಮದೂ ಅದಕ್ಕೆ ಸಮ ಅಂತ ಲೆಕ್ಕ ಕೊಟ್ಟು ಒಪ್ಪಿಸಬೇಕು. ಒಪ್ಪಿದರೆ ‘ಕ್ಲಿಯರೆನ್ಸ್’. ಮಲದಲ್ಲಿ ರಕ್ತದ ಜೊತೆ ಡಿಎನ್‌ಎಯನ್ನೂ ನೋಡುವ ಕೊಲೊಗಾರ್ಡ್ ಅನ್ನುವ ಟೆಸ್ಟ್ 2014ರಲ್ಲಿ ಅಪ್ರೂವಲ್ ದಾರಿಯಲ್ಲೇ ಬಂತು. ಹಾಗಂತ ಉಳಿದವೆಲ್ಲ ಕಳಪೆ ಅಲ್ಲ. ಆದರೆ ‘ಸಮ’ ಅನ್ನುವ ಮಾತಿನಲ್ಲೇ ಒಂದು ಕೊಕ್ಕೆ ಇದೆ. ಹಳೆಯದು ಸುಮಾರಾಗಿದ್ದರೆ ಹೊಸದೂ ಸುಮಾರೇ ಇರಬಹುದು.

ನನಗೆ ಕೇಳಿದರೆ, ಡಬ್ಬದಲ್ಲಿ ನೋಡಬೇಕಾದ್ದು ಯಾವ ಬಗೆಯ ಟೆಸ್ಟ್ ಅಂತ. ನಾನು ಕೆಲಸಕ್ಕೆ ಸೇರಿದಾಗ ಮಲ ಸವರಿ ನೋಡುವ ಗ್ವಾಯಕ್ ಕಾರ್ಡ್ ಇತ್ತು. ಪೆರಾಕ್ಸೈಡ್ ಹನಿ ಹಾಕಿ, ಅಂಚಿನಲ್ಲಿ ನೀಲಿ ಮೂಡುತ್ತಾ ಅಂತ ಗಡಿಯಾರ ನೋಡಿಕೊಂಡು ಕೂರಬೇಕು. ತೆಳು ನೀಲಿ ಬಂದರೆ ನಾನೊಂದು ಹೇಳುವುದು, ಪಕ್ಕದವಳೊಂದು ಹೇಳುವುದು. ಮಾಂಸ ತಿಂದಿದ್ದರೂ ನೀಲಿ ಬರಬಹುದು. ಒಬ್ಬರ ಮೂರು ಕಾರ್ಡೂ ನೆಗೆಟಿವ್ ಬಂತು. ವಿಚಾರಿಸಿದರೆ ದಿನಾ ವಿಟಮಿನ್ ಸಿ ಮಾತ್ರೆ ನುಂಗುತ್ತಿದ್ದರು. ಅದು ನೀಲಿ ಮೂಡದಂತೆ ತಡೆಯುತ್ತದೆ. ನಿಮ್ಮ ಗೆರೆಯ ಕಿಟ್ ಎಫ್‌ಐಟಿ ಇರಬೇಕು. ಅದು ಮನುಷ್ಯರ ರಕ್ತದಲ್ಲಿರುವ ಗ್ಲೋಬಿನ್ ಅನ್ನುವ ಪ್ರೋಟೀನ್ ಮಾತ್ರ ಹಿಡಿಯುತ್ತದೆ, ಊಟದ ಗೊಡವೆ ಇಲ್ಲ.

ಇನ್ನೊಬ್ಬರು

ಪೈಲ್ಸ್ ಇದ್ದರೂ ಪಾಸಿಟಿವ್ ಬರತ್ತಲ್ವಾ? ಸುಮ್ನೆ ಯಾಕೆ ಹೆದರಿಸೋದು. ಇನ್ನೊಂದು ಕಿಟ್ ತಂದು ನೋಡಲಿ.

ಲ್ಯಾಬಿನವಳು

ಬರತ್ತೆ. ಆದರೆ ರಕ್ತ ಎಲ್ಲಿಂದ ಬಂತು ಅಂತ ಕಿಟ್ ಹೇಳುವುದಿಲ್ಲ. ಎರಡನೇ ಕಿಟ್ ನೆಗೆಟಿವ್ ಬಂದರೆ ಮೊದಲನೆಯದು ಸುಳ್ಳು ಅಂತಲೂ ಅಲ್ಲ. ಕರುಳಿನ ಗಂಟುಗಳು ಒಂದು ದಿನ ರಕ್ತ ಸುರಿಸುತ್ತವೆ, ಮರುದಿನ ಇಲ್ಲ. ಕೊಲೊಗಾರ್ಡ್ ಜೊತೆ ಹೋಲಿಸಿದ ದೊಡ್ಡ ಅಧ್ಯಯನದಲ್ಲಿ ಎಫ್‌ಐಟಿ ಒಂದೇ ಸಲಕ್ಕೆ ಹಿಡಿದದ್ದು 100 ಕರುಳಿನ ಕ್ಯಾನ್ಸರ್‌ಗೆ ಸುಮಾರು 74. ಪಾಸಿಟಿವ್ ಬಂದಮೇಲೆ ಕೊಳವೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಕೊಲೊನೊಸ್ಕೋಪಿಯೇ. ಇನ್ನೊಂದು ಕಿಟ್ ಬೇಡ.

ಪ್ರಶ್ನೆ ಕೇಳಿದವರು

ಎರಡು ದಿನ ವಾದ ಮಾಡಿ ಒಪ್ಪಿದರು. ಈಗ “ಒಳಗೆ ಹಾಕುವ ಆ ಕೊಳವೆಗಾದರೂ ಅಪ್ರೂವಲ್ ಇದೆಯಾ” ಅಂತ ಕೇಳುತ್ತಿದ್ದಾರೆ.

ಲ್ಯಾಬಿನವಳು

ಅದೂ ಎರಡನೇ ದರ್ಜೆ. 510(ಕೆ) ಕ್ಲಿಯರೆನ್ಸೇ. ಸದ್ಯಕ್ಕೆ ಅವರಿಗೆ ಹೇಳಬೇಡಿ.