ಹುಡುಗ ಹೇಗೆ ಅಂತ ಹೆಣ್ಣಿನ ಕಡೆಯವರು ಕೇಳಿದರೆ ಎಷ್ಟು ಹೇಳಬೇಕು?

ಉಡುಪಿ ಕಡೆಯವಳು:
ಸಿಎಸ್‌ಐನವರು (ದಕ್ಷಿಣ ಭಾರತ ಸಭೆಯ ಪ್ರೊಟೆಸ್ಟೆಂಟರು), ಕ್ಯಾಥೊಲಿಕರು ಯಾರಾದರೂ ಸರಿ, ಸಲಹೆ ಕೊಡಿ. ನಮ್ಮ ಚರ್ಚ್ ಸಭೆಯ ಒಬ್ಬ ಹುಡುಗನಿಗೆ ಗದಗದ ಕಡೆಯಿಂದ ಸಂಬಂಧ ಬಂದಿದೆ. ಹುಡುಗಿಯ ಅಮ್ಮ ಯಾರಿಂದಲೋ ನನ್ನ ನಂಬರ್ ತಗೊಂಡು ಫೋನ್ ಮಾಡಿದ್ದರು. "ಹುಡುಗ ಹೆಂಗ್ ಅದಾನ್ರೀ? ನೀವು ಹತ್ರದಿಂದ ನೋಡಿದವ್ರು, ಖರೇನ ಹೇಳ್ರಿ" ಅಂದರು. ಮನೆಯಲ್ಲಿ ಕೇಳಿ ಹೇಳ್ತೀನಿ ಅಂತ ಫೋನ್ ಇಟ್ಟೆ.

ಹುಡುಗ ಕುಡಿಯುತ್ತಾನೆ. ಅಪರೂಪಕ್ಕೆ ಅಲ್ಲ. ಕಳೆದ ಕ್ರಿಸ್ಮಸ್‌ಗೆ ಮನೆಮನೆಗೆ ಕ್ಯಾರಲ್ ಹಾಡಲು ಹೋದಾಗ ಗಿಟಾರ್ ನುಡಿಸಬೇಕಿದ್ದವನು ಒಂದು ಮನೆಯ ಗೇಟಿಗೆ ಒರಗಿ ಕೂತವನು ಏಳಲೇ ಇಲ್ಲ, ಇಬ್ಬರು ಹಿಡಿದು ಆಟೋಗೆ ಹತ್ತಿಸಿದರು. ಬೆಳಿಗ್ಗೆ ಆರಾಧನೆಗೆ ಇಸ್ತ್ರಿ ಶರ್ಟ್ ಹಾಕಿಕೊಂಡು ಬಂದು ಎಲ್ಲರಿಗೂ ಕೈ ಕುಲುಕಿದ. ಕುಡಿಯದೇ ಇದ್ದಾಗ ಚಿನ್ನದಂಥ ಹುಡುಗ, ಯಾರಿಗೆ ರಕ್ತ ಬೇಕಾದರೂ ಮೊದಲು ಓಡುವವನು ಅವನೇ. ಅವನ ಅಮ್ಮ ನಮ್ಮಮ್ಮನ ಗೆಳತಿ. "ಇನ್ನೊಬ್ಬರ ಮನೆ ಮುರಿಯೋ ಕೆಲಸ ನಮಗ್ಯಾಕೆ, ಒಳ್ಳೆ ಮನೆತನ ಅಂತ ಹೇಳಿ ಮುಗಿಸು" ಅಂತಾರೆ ಅಮ್ಮ. ಹಾಗೆ ಹೇಳಿದರೆ ಸುಳ್ಳೇನೂ ಅಲ್ಲ. ಆದರೂ ಮನಸ್ಸು ಒಪ್ಪುತ್ತಿಲ್ಲ.

ನೇರ ಮಾತು:
ಇದರಲ್ಲಿ ಕೇಳೋದೇನಿದೆ? ಬೈಬಲ್‌ನಲ್ಲಿ ಮತ್ತಾಯ 5:37 ಓದಿ, ಹೌದಾದರೆ ಹೌದು, ಅಲ್ಲವಾದರೆ ಅಲ್ಲ. ಯೇಸು ಫರಿಸಾಯರಿಗೆ (ಆಗಿನ ಯೆಹೂದಿ ಧರ್ಮದ ಮುಖಂಡರಿಗೆ) ಸುಣ್ಣ ಹಚ್ಚಿದ ಸಮಾಧಿಗಳು, ಹೊರಗೆ ಚೆಂದ ಒಳಗೆ ಕೊಳಕು ಅಂತ ಮುಖಕ್ಕೇ ಹೇಳಲಿಲ್ವಾ? ನಮ್ಮ ಸಭೆಗಳಲ್ಲಿ ಬರೀ ನಗು ನಗು, ಒಳಗೆ ಏನೇನೋ. ಹೇಳಿಬಿಡಿ, ಬೇಕಾದರೆ ಹುಡುಗನ ಮನೆಯವರ ಎದುರಿಗೇ ಹೇಳಿ.

ಬಾವಿಕಟ್ಟೆ:
@ನೇರ ಮಾತು, ಆ ಸಮಾಧಿ ಮಾತು ಇರುವ ಮತ್ತಾಯ 23 ಎಲ್ಲರ ಮೇಲೂ ಬೀಸೋ ದೊಣ್ಣೆ ಅಲ್ಲ ಮಾರಾಯ್ರೆ. ಅದು ಜನರ ಮೇಲೆ ಭಾರ ಹೊರಿಸಿ ತಾವು ಬೆರಳೂ ಆಡಿಸದ ದೊಡ್ಡವರಿಗೆ ಹೇಳಿದ್ದು. ಅದೇ ಯೇಸು ಬಾವಿಯ ಹತ್ತಿರ ಸಿಕ್ಕ ಸಮಾರ್ಯದ ಹೆಂಗಸಿಗೆ ಅವಳ ಐದು ಜನ ಗಂಡಂದಿರ ವಿಷಯ ಎತ್ತಿದ್ದು ಯಾವಾಗ? ಶಿಷ್ಯರು ಊಟ ತರಲು ಊರೊಳಗೆ ಹೋಗಿದ್ದಾಗ. ಹೇಳಿದ್ದು ಪೂರ್ತಿ ನಿಜ, ಆದರೆ ಕೇಳಿಸಿಕೊಂಡವಳು ಅವಳೊಬ್ಬಳೇ. ನಮ್ಮಲ್ಲಿ "ನಾನು ನೇರ" ಅನ್ನೋರಿಗೆ ನಾಲ್ಕು ಜನ ಸೇರದೆ ನಿಜ ಹೊರಗೇ ಬರಲ್ಲ!

ಮಂಗಳೂರು ಕ್ಯಾಥೊಲಿಕ್:
ಹತ್ತು ಆಜ್ಞೆಗಳಲ್ಲಿ ಸುಳ್ಳು ಸಾಕ್ಷಿ ಬೇಡ ಅನ್ನೋದು ನಿಮ್ಮಲ್ಲಿ ಒಂಬತ್ತನೆಯದು, ನಮ್ಮಲ್ಲಿ ಎಂಟನೆಯದು, ವಿಷಯ ಒಂದೇ. ನಮ್ಮ ಕ್ಯಾಟಿಕಿಸಂ, ಅಂದರೆ ಧರ್ಮೋಪದೇಶದ ಪುಸ್ತಕ (ಅಂಶ 2477), ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸರಿಯಾದ ಕಾರಣ ಇಲ್ಲದೆ ಒಬ್ಬನ ತಪ್ಪನ್ನು ಗೊತ್ತಿಲ್ಲದವರಿಗೆ ಹೇಳಿದರೆ, ಅದು ನಿಜವಾಗಿದ್ದರೂ ಪಾಪ. ಹಾಗಾಗಿ ನಿಮ್ಮ ಅಮ್ಮನ ಹಿಂಜರಿಕೆಯಲ್ಲೂ ಅರ್ಥ ಇದೆ. ಆದರೆ ಇಲ್ಲಿ ಕಾರಣ ಇದೆ, ಕೇಳಿದವರು ಹುಡುಗಿಯ ತಾಯಿ.

ಬೋನ್‌ಹಾಫರ್ ನೆನಪಾಗುತ್ತಾರೆ, ಹಿಟ್ಲರ್‌ನ ವಿರುದ್ಧ ನಿಂತು 1945ರಲ್ಲಿ ಗಲ್ಲಿಗೇರಿದ ಜರ್ಮನ್ ಪಾದ್ರಿ (ನಿಮ್ಮ ಕಡೆಯವರೇ, ಪ್ರೊಟೆಸ್ಟೆಂಟ್). ಅವರು ಕೊಡುವ ಉದಾಹರಣೆ ಹೀಗಿದೆ. ಮೇಷ್ಟ್ರು ಇಡೀ ತರಗತಿಯ ಮುಂದೆ ಒಬ್ಬ ಹುಡುಗನಿಗೆ ನಿಮ್ಮಪ್ಪ ಕುಡಿದು ಮನೆಗೆ ಬರ್ತಾರಂತೆ ಹೌದಾ ಅಂತ ಕೇಳುತ್ತಾರೆ. ವಿಷಯ ನಿಜ, ಆದರೂ ಹುಡುಗ ಇಲ್ಲ ಅನ್ನುತ್ತಾನೆ. ಆ ಸುಳ್ಳಿನ ತಪ್ಪು ಮೇಷ್ಟ್ರದ್ದೇ ಅನ್ನುತ್ತಾರೆ ಬೋನ್‌ಹಾಫರ್, ಹಾಗೆ ಕೇಳುವ ಹಕ್ಕೇ ಅವರಿಗಿರಲಿಲ್ಲ. ಗದಗದ ತಾಯಿಗೆ ಆ ಹಕ್ಕಿದೆ ಅಲ್ವಾ?

ಹಳೇ ಹೆಂಗಸು:
ಮಗಳೇ, ನಮ್ಮ ಕರಾವಳಿಯಲ್ಲಿ ಹುಡುಗನ ಬಗ್ಗೆ ಕೇಳಿದಾಗ "ಮನೆತನ ಒಳ್ಳೇದು" ಅಂದರೆ ಹುಡುಗನಲ್ಲಿ ಏನೋ ಇದೆ ಅಂತ ನಾವು ತಿಳ್ಕೊಳ್ತೇವೆ. ಹಾಗೇ ಎಷ್ಟೋ ಸಂಬಂಧ ಸದ್ದಿಲ್ಲದೆ ತಪ್ಪಿವೆ, ಯಾರಿಗೂ ಬೇಜಾರಾಗಲಿಲ್ಲ. ನಿಮ್ಮಮ್ಮ ಹೇಳಿದ್ದು ಅದನ್ನೇ ಇರಬೇಕು. ಆದರೆ ಗದಗದವರಿಗೆ ನಮ್ಮ ಒಳಮಾತು ಎಲ್ಲಿ ಗೊತ್ತಾಗಬೇಕು? ಅವರು "ಒಳ್ಳೇ ಮನಿ ಅಂತ್ರೀ" ಅಂತ ಖುಷಿಯಾಗಿ ಸೀರೆ ತರಲು ಹೊರಡುತ್ತಾರೆ.

ಇನ್ನೊಂದು, ಈಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ನಮ್ಮ ಕ್ರೈಸ್ತರ ವಿಚ್ಛೇದನದ ಕಾನೂನು 1869ರದ್ದು. 2001ರಲ್ಲಿ ತಿದ್ದುಪಡಿ ಆಗುವ ತನಕ ಗಂಡ ಹೊಡೆಯುತ್ತಾನೆ ಅನ್ನೋದೊಂದರಿಂದಲೇ ಹೆಂಡತಿಗೆ ಬಿಡುಗಡೆ ಸಿಗುತ್ತಿರಲಿಲ್ಲ, ಅದರ ಜೊತೆ ಅವನ ವ್ಯಭಿಚಾರವನ್ನೂ ತೋರಿಸಬೇಕಿತ್ತು. ಕಾನೂನು ಬದಲಾಯಿತು, ಆದರೆ "ಅನುಸರಿಸಿಕೊಂಡು ಹೋಗಮ್ಮಾ, ಪ್ರಾರ್ಥನೆ ಮಾಡು" ಅನ್ನೋ ಬಾಯಿ ಬದಲಾಗಿಲ್ಲ. ನಾವು ಇಲ್ಲಿ ಮರ್ಯಾದೆ ಉಳಿಸಿಕೊಂಡರೆ ಅದರ ಬೆಲೆ ಕಟ್ಟೋಳು ಆ ಹುಡುಗಿ.

ಬಾವಿಕಟ್ಟೆ:
@ಹಳೇ ಹೆಂಗಸು ಹೇಳಿದ್ದು ಸರಿ. ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳಿ, ಊರವರ ಮಾತು ಬೇಡ. ಕ್ಯಾರಲ್ ರಾತ್ರಿಯದ್ದು ಹೇಳಿ, ರಕ್ತ ಕೊಡುವುದನ್ನೂ ಹೇಳಿ. "ಕುಡುಕ" ಅನ್ನೋ ಹೆಸರು ನೀವು ಇಡಬೇಡಿ. ಸಾಧ್ಯವಾದರೆ ಹುಡುಗನಿಗೇ ಮೊದಲು ಹೇಳಿ, ಮತ್ತಾಯ 18:15ರ ದಾರಿ ಅದೇ, ನೀನೂ ಅವನೂ ಇಬ್ಬರೇ ಇದ್ದಾಗ.

ನೇರ ಮಾತು:
ಅವನಿಗೆ ಮೊದಲು ಹೇಳಿದರೆ ಅವನು ಅಮ್ಮನಿಗೆ ಹೇಳ್ತಾನೆ, ಅವರಮ್ಮ ಇವರಮ್ಮನ ಹತ್ತಿರ ಅಳ್ತಾರೆ, ಅಲ್ಲಿಗೆ ಇವರ ಬಾಯಿ ಬಂದ್. ಬರೆದಿಟ್ಟುಕೊಳ್ಳಿ.

ಉಡುಪಿ ಕಡೆಯವಳು:
@ನೇರ ಮಾತು, ಅದೂ ಆಗಬಹುದು, ಗೊತ್ತು. ಆದರೂ ಅವನಿಗೆ ಹೇಳ್ತೀನಿ. ಶನಿವಾರ ಗಾಯನ ಅಭ್ಯಾಸಕ್ಕೆ ಬರ್ತಾನೆ, "ಅವರು ಕೇಳಿದ್ದಾರೆ, ನೀನೇ ಹೇಳಿಬಿಡು, ಇಲ್ಲದಿದ್ದರೆ ಭಾನುವಾರ ಸಂಜೆ ನಾನು ಹೇಳ್ತೀನಿ" ಅಂತೀನಿ. ಅದಕ್ಕಿಂತ ಜಾಸ್ತಿ ದಿನ ಕೊಡಲ್ಲ. ನಮ್ಮಮ್ಮನಿಗೆ ಇದನ್ನೆಲ್ಲ ಹೇಗೆ ಹೇಳೋದು ಅನ್ನೋದೇ ಈಗ ತಲೆನೋವು.

ಹಳೇ ಹೆಂಗಸು:
ಅಮ್ಮನಿಗೆ ಸೋಮವಾರ ಹೇಳು.