ಬುಲೆಟ್ ಸೈಡ್‌ಕಾರ್ ಎಡಕ್ಕೆ ಎಳೆಯುತ್ತಿದೆ, 30ರಲ್ಲಿ ಹ್ಯಾಂಡಲ್ ನಡುಗುತ್ತದೆ. ಎಲ್ಲಿಂದ ಶುರು ಮಾಡಲಿ?

ಮೂಡಿಗೆರೆ_ಬುಲೆಟ್:
ನಮಸ್ಕಾರ. ಗಾಡಿ ಅಪ್ಪನ ಕಾಲದ್ದು, 1986ರ ಬುಲೆಟ್ 350. ಅಮ್ಮನಿಗೆ ಮಂಡಿನೋವು, ಹಿಂದಿನ ಸೀಟಿಗೆ ಕಾಲೆತ್ತಿ ಹಾಕಲು ಆಗುವುದಿಲ್ಲ. ಅದಕ್ಕೇ ಮೂರು ತಿಂಗಳ ಹಿಂದೆ ಒಂದು ಹಳೇ ಸೈಡ್‌ಕಾರ್ ಹುಡುಕಿ ಎಡಗಡೆ ಕೂರಿಸಿದೆ. ಆರ್‌ಸಿಯಲ್ಲಿ ಬರೆಸಿದ್ದೂ ಆಯ್ತು. ಅಮ್ಮ ಅದಕ್ಕೆ ತೊಟ್ಟಿಲು ಅನ್ನುತ್ತಾರೆ.

ತೊಂದರೆ ಏನಪ್ಪಾ ಅಂದರೆ, ಗಾಡಿ ಸದಾ ಎಡಕ್ಕೆ ಎಳೆಯುತ್ತದೆ. ತೋಟದಿಂದ ಪೇಟೆಗೆ 18 ಕಿ.ಮೀ. ಅಷ್ಟು ಹೋಗುವುದರೊಳಗೆ ಬಲಗೈ ರಟ್ಟೆ ಬಿದ್ದುಹೋಗಿರುತ್ತದೆ. ಆಕ್ಸಿಲರೇಟರ್ ಕೊಟ್ಟರೆ ಇನ್ನೂ ಜಾಸ್ತಿ. ಬ್ರೇಕ್ ಹಿಡಿದರೆ ಉಲ್ಟಾ, ಬಲಕ್ಕೆ ಓಡುತ್ತದೆ. ಇದು ಸಾಲದು ಅಂತ 30ರ ಹತ್ತಿರ ಥ್ರಾಟಲ್ ಬಿಟ್ಟರೆ ಹ್ಯಾಂಡಲ್ ಗಡಗಡ ನಡುಗುತ್ತದೆ. ಕಳೆದ ವಾರ ಅಮ್ಮನ ಕೈಯಲ್ಲಿದ್ದ ಮೊಸರಿನ ಡಬ್ಬಿ ಮುಚ್ಚಳ ಹಾರಿ ಸೀರೆಯೆಲ್ಲಾ ಮೊಸರು. "ಇನ್ನು ಬಸ್ಸಿಗೇ ಹೋಗ್ತೀನಿ" ಅಂದುಬಿಟ್ಟರು.

ಕೂರಿಸಿಕೊಟ್ಟ ಮೆಕ್ಯಾನಿಕ್ ಹತ್ತಿರ ಎರಡು ಸಲ ಹೋದೆ. "ಎಲ್ಲಾ ಸೀದಾ ಇದೆ ಸಾರ್, ಸೈಡ್‌ಕಾರ್ ಅಂದ್ರೆ ಹೀಗೇ" ಅಂದರು. ನಿಜಕ್ಕೂ ಹೀಗೇನಾ?

ಕಿಕ್‌ಸ್ಟಾರ್ಟ್:
ಮೊದಲು ಸುಲಭದ್ದು ನೋಡಿ ಗುರು. ಮೂರೂ ಟಯರಿನ ಗಾಳಿ, ಆಮೇಲೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್. ಮುಂದಿನ ಚಕ್ರ ಎತ್ತಿ ಫೋರ್ಕ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಟಕ್ ಟಕ್ ಅಂದರೆ ನಡುಕದ ಅರ್ಧ ಕಾರಣ ಅಲ್ಲೇ ಇದೆ. ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್‌ಆರ್ಮ್‌ನ ಬುಷ್ ಕೂಡ ನೋಡಿ. ಅದು ಸವೆದಿದ್ದರೆ ಇನ್ನೇನು ಅಳತೆ ಮಾಡಿದರೂ ವೇಸ್ಟ್.

ಹಾಸನ_ಮೂರುಚಕ್ರ:
ನಿಮ್ಮ ಮೆಕ್ಯಾನಿಕ್ "ಸೀದಾ" ಇಟ್ಟಿದ್ದೇ ತಪ್ಪು. ಸೈಡ್‌ಕಾರ್ ಸೀದಾ ಇರಬಾರದು. ಒಂದು ಪಕ್ಕದಲ್ಲಿ ಭಾರ ಎಳೆದುಕೊಂಡು ಹೋಗುವ ಗಾಡಿ, ಸುಮ್ನೆ ಬಿಟ್ಟರೆ ಆ ಪಕ್ಕಕ್ಕೇ ತಿರುಗುತ್ತದೆ. ನಮ್ಮ ರಸ್ತೆಗಳೂ ನೀರು ಹರಿಯಲಿ ಅಂತ ಎಡಕ್ಕೆ ಇಳಿಜಾರು ಇರುತ್ತವೆ, ಅದೂ ಸೇರಿಕೊಳ್ಳುತ್ತದೆ. ಇದಕ್ಕೆ ಎದುರಾಗಿ ಎರಡು ಕಡೆ ಸ್ವಲ್ಪ ಸೊಟ್ಟ ಇಡಬೇಕು.

ಒಂದು, ಟೋ-ಇನ್, ಅಂದರೆ ಸೈಡ್‌ಕಾರ್ ಚಕ್ರದ ಮುಂಭಾಗ ಬುಲೆಟ್ ಕಡೆಗೆ ಸ್ವಲ್ಪ ತಿರುಗಿರಬೇಕು. ಅಲ್ಯೂಮಿನಿಯಂ ಕಿಟಕಿ ಮಾಡುವವರ ಹತ್ತಿರ ಎಂಟಡಿಯ ಎರಡು ಪಟ್ಟಿ ಒಂದು ದಿನಕ್ಕೆ ಕೇಳಿ ತನ್ನಿ. ಸಮತಟ್ಟು ನೆಲದಲ್ಲಿ ಇಟ್ಟಿಗೆ ಮೇಲೆ ಇಡಿ. ಒಂದು ಬುಲೆಟ್ಟಿನ ಬಲಪಕ್ಕ ಎರಡೂ ಚಕ್ರಕ್ಕೆ ತಾಗಲಿ, ಇನ್ನೊಂದು ಸೈಡ್‌ಕಾರ್ ಚಕ್ರದ ಹೊರಮೈಗೆ. ಹಿಂದಿನ ಟಯರ್ ದಪ್ಪ ಇದ್ದರೆ ಮುಂದೆ ಆ ಸಂದು ಬಿಟ್ಟುಕೊಳ್ಳಿ. ಈಗ ಎರಡು ಪಟ್ಟಿಗಳ ನಡುವಿನ ದೂರ ಅಳೆಯಿರಿ: ಮುಂದಿನ ಚಕ್ರದ ಮುಂದೆ ಒಂದು ಅಳತೆ, ಹಿಂದಿನ ಚಕ್ರದ ಹಿಂದೆ ಒಂದು ಅಳತೆ. ಮುಂದಿನದು 12ರಿಂದ 18 ಮಿ.ಮೀ. ಕಡಿಮೆ ಇರಬೇಕು. ಅದಕ್ಕಿಂತ ಜಾಸ್ತಿ ಮಾಡಿದರೆ ಟಯರ್ ರಬ್ಬರ್ ತುರಿದ ಹಾಗೆ ಉದುರುತ್ತದೆ.

ಎರಡು, ಗಾಡಿ ಸೈಡ್‌ಕಾರಿನಿಂದ ಆಚೆಗೆ, ಅಂದರೆ ಬಲಕ್ಕೆ, ಒಂದರಿಂದ ಒಂದೂವರೆ ಡಿಗ್ರಿ ವಾಲಿರಬೇಕು. ಹ್ಯಾಂಡಲ್ ನೇರ ಇಟ್ಟು, ಮುಂದಿನ ರಿಮ್ಮಿಗೆ ಒಂದೂವರೆ ಅಡಿ ಪಟ್ಟಿ ನಿಲ್ಲಿಸಿ, ಅದಕ್ಕೆ ಮೊಬೈಲ್ ಆನಿಸಿ ಲೆವೆಲ್ ನೋಡಿ. ಗಾಡಿಗೂ ಸೈಡ್‌ಕಾರಿಗೂ ನಡುವೆ ಇರುವ ಮೇಲಿನ ಎರಡು ರಾಡಿನ ಥ್ರೆಡ್ ಬಿಚ್ಚಿ ಉದ್ದ ಮಾಡಿದರೆ ಗಾಡಿ ಆಚೆ ವಾಲುತ್ತದೆ. ಇದನ್ನು ಮುಟ್ಟಿದರೆ ಟೋ-ಇನ್ ಬದಲಾಗುತ್ತದೆ, ಮತ್ತೆ ಅಳೆಯಿರಿ. ಬೇಜಾರಿನ ಕೆಲಸ, ಒಂದು ಭಾನುವಾರ ಪೂರ್ತಿ ಹೋಗುತ್ತದೆ.

ಮುಖ್ಯವಾದದ್ದು: ಈ ಅಳತೆಯೆಲ್ಲಾ ನೀವೂ ಅಮ್ಮನೂ ಕೂತಿರುವಾಗ ಆಗಬೇಕು. ಖಾಲಿ ಗಾಡಿ ಅಳೆದರೆ ಏನೂ ಪ್ರಯೋಜನ ಇಲ್ಲ.

ಸೈಡ್‌ಕಾರ್ ಚಕ್ರದ ಆಕ್ಸಲ್ ಹಿಂದಿನ ಚಕ್ರದ ಆಕ್ಸಲ್‌ಗಿಂತ ಎಷ್ಟು ಮುಂದಿದೆ ಅಂತಲೂ ನೋಡಿಬಿಡಿ. ಬುಲೆಟ್ಟಿಗೆ 150ರಿಂದ 250 ಮಿ.ಮೀ. ಇದ್ದರೆ ಸಾಕು. ಬ್ರೇಕ್ ಹಿಡಿದಾಗ ಬಲಕ್ಕೆ ಹೋಗುವುದು ಮಾತ್ರ ಪೂರ್ತಿ ನಿಲ್ಲುವುದಿಲ್ಲ. ತೊಟ್ಟಿಲಿಗೆ ಬ್ರೇಕ್ ಇಲ್ಲ ಅಲ್ವಾ? ಗಾಡಿ ತಡೆದರೂ ಅದು ಮುಂದಕ್ಕೆ ನುಗ್ಗುತ್ತದೆ.

ಘಾಟಿ_ಸವಾರ:
ಅಮ್ಮ ಇಲ್ಲದೆ ಖಾಲಿ ಓಡಿಸುವಾಗ ಎಡ ತಿರುವಿನಲ್ಲಿ ಹುಷಾರು. ಸೈಡ್‌ಕಾರ್ ನೆಲ ಬಿಟ್ಟು ಮೇಲಕ್ಕೆ ಏಳುತ್ತದೆ. ನಾನು ಸಿಮೆಂಟ್ ಚೀಲದಲ್ಲಿ 35 ಕೆ.ಜಿ. ಮರಳು ತುಂಬಿ ಚಕ್ರದ ಪಕ್ಕ ಕಟ್ಟಿದ್ದೇನೆ. ತಿರುವಿಗೆ ಮುಂಚೆಯೇ ನಿಧಾನ ಮಾಡಿ, ಎಡಕ್ಕಾದರೆ ಸ್ವಲ್ಪ ಥ್ರಾಟಲ್ ಕೊಡಿ, ಬಲಕ್ಕಾದರೆ ಬಿಡಿ. ಗಾಡಿ ತಾನೇ ತಿರುಗುತ್ತದೆ. ನಡುಕಕ್ಕೆ ಸ್ಟಿಯರಿಂಗ್ ಡ್ಯಾಂಪರ್, ಅಂದರೆ ಹ್ಯಾಂಡಲ್ ಅಲುಗಾಟ ತಡೆಯುವ ಸಾಧನ, ಹಾಕಿಸಿ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಹುಡುಕಿದರೆ ಹೊಂದುವಂಥದ್ದು ಸಿಗಬಹುದು.

ಮೂಡಿಗೆರೆ_ಬುಲೆಟ್:
ಭಾನುವಾರ ಕಾಫಿ ಕಣದಲ್ಲೇ ಮಾಡಿದೆ, ಅಷ್ಟು ಸಮತಟ್ಟು ಜಾಗ ನಮ್ಮಲ್ಲಿ ಬೇರೆ ಇಲ್ಲ.

ಸೈಡ್‌ಕಾರ್ ಟಯರಿನಲ್ಲಿ ಬರೀ 12 ಪಿಎಸ್‌ಐ ಗಾಳಿ ಇತ್ತು. ಕೋನ್ ಸೆಟ್ ಸಡಿಲ. ಆದರೆ ಅಸಲಿ ವಿಷಯ ಬೇರೆ. ಖಾಲಿ ಗಾಡಿ ಮೊಬೈಲಿನಲ್ಲಿ ಸೊನ್ನೆ ಡಿಗ್ರಿ ತೋರಿಸಿತು. ಮೆಕ್ಯಾನಿಕ್ ಹೇಳಿದ್ದು ಸುಳ್ಳಲ್ಲ. ನಾನೂ ಅಮ್ಮನೂ ಕೂತ ಮೇಲೆ ತಮ್ಮ ನೋಡಿದರೆ ಒಂದೂವರೆ ಡಿಗ್ರಿ ಎಡಕ್ಕೆ! ತೊಟ್ಟಿಲಿನ ಸ್ಪ್ರಿಂಗ್ ಕುಸಿದು ಬುಲೆಟ್ಟನ್ನೂ ಜೊತೆಗೆ ಎಳೆದುಕೊಂಡಿತ್ತು. ಪಟ್ಟಿ ಇಟ್ಟರೆ ಮುಂದೆ 1,262, ಹಿಂದೆ 1,255. ಟೋ-ಇನ್ ಬಿಡಿ, 7 ಮಿ.ಮೀ. ಹೊರಕ್ಕೇ ಇತ್ತು.

ಮುಂದಿನ ಕೆಳ ಕ್ಲಾಂಪ್ ಒಳಕ್ಕೆ ಸರಿಸಿ, ಮೇಲಿನ ರಾಡ್ ಉದ್ದ ಮಾಡಿ, ಐದು ಸಲ ಅಳೆದು, ಕೊನೆಗೆ 14 ಮಿ.ಮೀ. ಒಳಕ್ಕೆ, 1.2 ಡಿಗ್ರಿ ಬಲಕ್ಕೆ ನಿಲ್ಲಿಸಿದೆ. ಐದು ಸಲವೂ ಅಮ್ಮ ಹತ್ತಿ ಇಳಿದರು. ನಾಲ್ಕನೇ ಸಲಕ್ಕೆ "ಅಕ್ಕಿ ಮೂಟೆ ಇಟ್ಕೊಳ್ಳೋ" ಅಂದರು. ಹೊಳೆಯಲೇ ಇಲ್ಲ ನೋಡಿ.

ಈಗ 50ರಲ್ಲಿ ಎರಡು ಬೆರಳಲ್ಲಿ ಹಿಡಿಯಬಹುದು. ನಡುಕ ಮುಕ್ಕಾಲು ಹೋಗಿದೆ, ಡ್ಯಾಂಪರ್ ಇನ್ನೂ ಹುಡುಕುತ್ತಿದ್ದೇನೆ. ನಿನ್ನೆ ಅಮ್ಮನನ್ನು ಪೇಟೆಗೆ ಕರೆದುಕೊಂಡು ಹೋಗಿದ್ದೆ. ಮೊಸರು ಚೆಲ್ಲಲಿಲ್ಲ. ಆದರೂ ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಿದ್ದರು.