ಬೃಹತಿ ದೇವಿ, ಐರ್ಲೆಂಡ್ ಮತ್ತು ನಮ್ಮ ಅಜ್ಜಿ ಮನೆಯ ನಂದಾದೀಪ

ಸೋಮವಾರ ಬೆಳಿಗ್ಗೆ 6.10ಕ್ಕೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಚಿಕ್ಕಪ್ಪ ಒಂದು ಸಂದೇಶ ಕಳಿಸಿದರು. ಮೇಲುಗಡೆ ಆ ಎರಡು ಬಾಣದ ಗುರುತು, ‘ಹಲವು ಬಾರಿ ಫಾರ್ವರ್ಡ್ ಆಗಿದೆ’.

‘ಐರ್ಲೆಂಡ್ ದೇಶದಲ್ಲಿ ಇವತ್ತು ಸರ್ಕಾರಿ ರಜೆ!! ಯಾರ ಹೆಸರಿನಲ್ಲಿ ಗೊತ್ತೇ? ಬ್ರಿಗಿಡ್ ಎಂಬ ದೇವಿಯ ಹೆಸರಿನಲ್ಲಿ. ಬ್ರಿಗಿಡ್ ಬೇರೆ ಯಾರೂ ಅಲ್ಲ, ನಮ್ಮ ಸಂಸ್ಕೃತದ ಬೃಹತಿ. ಐದು ಸಾವಿರ ವರ್ಷದ ಹಿಂದೆ ಅಲ್ಲಿದ್ದವರೆಲ್ಲ ನಮ್ಮವರೇ. ಆಮೇಲೆ ಬಂದವರು ದೇವಿಯನ್ನೇ ಮತಾಂತರ ಮಾಡಿ ಸಂತಳನ್ನಾಗಿ ಮಾಡಿಬಿಟ್ಟರು. ಹತ್ತು ಜನಕ್ಕೆ ಕಳಿಸಿ.’

ಏಳು ಗಂಟೆಯೊಳಗೆ ಒಂಬತ್ತು ಕೈಮುಗಿದ ಚಿತ್ರಗಳು. ದೊಡ್ಡಪ್ಪ ರಿಟೈರ್ಡ್ ಹೆಡ್‌ಮಾಸ್ಟರ್. ಗುಂಪಿನಲ್ಲಿ ಏನೇ ಬಂದರೂ ಅದರ ಕೆಳಗೆ ಒಂದು ನೀತಿ ಬರೆಯದೆ ಬಿಡುವವರಲ್ಲ.

‘ಹೆಣ್ಣನ್ನು ಪೂಜಿಸುವ ನಾಡು ಏಳಿಗೆ ಹೊಂದುತ್ತದೆ. ವರ್ಷವಿಡೀ ಹಿಮ, ಜ್ವಾಲಾಮುಖಿ ಇದ್ದರೂ ಅವರು ಹೇಗೆ ಮುಂದುವರಿದಿದ್ದಾರೆ ನೋಡಿ. ಮಕ್ಕಳು ಗಮನವಿಟ್ಟು ಓದಬೇಕು.’

ಅವರು ಓದಿಕೊಂಡಿದ್ದು ಐಸ್‌ಲ್ಯಾಂಡ್ ಅಂತ. ಯಾರೂ ತಿದ್ದಲಿಲ್ಲ. ಅದಕ್ಕೂ ಹನ್ನೊಂದು ಹೆಬ್ಬೆಟ್ಟು ಬಿತ್ತು.

ಪುಟ್ಟಣ್ಣ ಎದ್ದಿದ್ದು ಎಂಟೂವರೆಗೆ.

‘ಮೂಲ ಎಲ್ಲಿ ಚಿಕ್ಕಪ್ಪಾ? ಯಾವ ಪುಸ್ತಕ? ಬ್ರಿಗಿಡ್‌ಗೂ ಬೃಹತಿಗೂ ಯಾವ ಸಂಬಂಧವೂ ಇಲ್ಲ. ಸುಮ್ನೆ ಪ್ರಾಸ.’

‘ಎಲ್ಲದಕ್ಕೂ ಮೂಲ ಕೇಳಬಾರದಪ್ಪ. ನಂಬಿಕೆ ಅಂತಲೂ ಒಂದಿರುತ್ತದೆ.’

‘ಹೋದ ವರ್ಷ ಬ್ಯಾಂಕು ಐದು ದಿನ ಬಂದ್ ಅಂತ ಕಳಿಸಿದ್ರಲ್ಲ, ಅದೂ ನಂಬಿಕೆನೇ. ಶಾರದತ್ತೆ ನಲವತ್ತು ಸಾವಿರ ಡ್ರಾ ಮಾಡಿ ಅಕ್ಕಿ ಡಬ್ಬಿಯಲ್ಲಿ ಇಟ್ಟುಕೊಂಡು ಕೂತಿದ್ರು.’

ಶಾರದತ್ತೆ ತಕ್ಷಣ: ‘ನನ್ನ ಹೆಸರು ಯಾಕೆ ಎಳೆಯುತ್ತೀಯ? ನಾನು ಡ್ರಾ ಮಾಡಿದ್ದು ಮೂವತ್ತು.’

ಅಲ್ಲಿಂದ ಹತ್ತೂವರೆ ತನಕ ಮೂವತ್ತೋ ನಲವತ್ತೋ ಅನ್ನುವುದೇ ವಿಷಯ. ದೇವಿ ಸಂತೆಯಲ್ಲಿ ಕೈ ತಪ್ಪಿಸಿಕೊಂಡ ಮಗುವಿನ ಹಾಗೆ ಮೇಲೆಲ್ಲೋ ಉಳಿದುಬಿಟ್ಟಳು.

ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ ಡಬ್ಲಿನ್‌ನಲ್ಲಿರುವ ಅಕ್ಕ ಬಂದಳು. ಅಲ್ಲಿ ಆಗ ಬೆಳಿಗ್ಗೆ ಏಳೂಕಾಲು, ರಜೆ ಬೇರೆ.

‘ಇಬ್ಬರೂ ಅರ್ಧರ್ಧ ಸರಿ. ಬ್ರಿಗಿಡ್, ಬೃಹತಿ ಎರಡೂ ಒಂದೇ ಹಳೇ ಬೇರಿನ ಮಾತುಗಳು. ಅರ್ಥ ಎತ್ತರದವಳು, ದೊಡ್ಡವಳು. ಆದರೆ ಅವು ತಾಯಿ ಮಗಳಲ್ಲ, ದಾಯಾದಿಗಳು. ಸಂಸ್ಕೃತ ಇಲ್ಲಿಗೆ ಬಂದಿದ್ದಲ್ಲ, ಇಲ್ಲಿನ ಭಾಷೆ ಅಲ್ಲಿಗೆ ಹೋಗಿದ್ದೂ ಅಲ್ಲ. ಮತ್ತೆ ರಜೆ ದೇವಿಯ ಹೆಸರಿನಲ್ಲಿ ಅಲ್ಲ, ಅದೇ ಹೆಸರಿನ ಸಂತ ಬ್ರಿಜಿಡ್ ಹೆಸರಿನಲ್ಲಿ. ಅವಳ ಹಬ್ಬ ಫೆಬ್ರವರಿ 1. ರಜೆ ಮಾತ್ರ ಆ ತಿಂಗಳ ಮೊದಲ ಸೋಮವಾರ. 1ನೇ ತಾರೀಕು ಶುಕ್ರವಾರ ಬಂದರೆ ಅವತ್ತೇ. 2023ರಿಂದ ಶುರುವಾಗಿದ್ದು. ಹೆಂಗಸಿನ ಹೆಸರಿನಲ್ಲಿ ಈ ದೇಶ ಕೊಟ್ಟ ಮೊದಲ ರಜೆ ಇದು.’

ಚಿಕ್ಕಪ್ಪ ಇದರಲ್ಲಿ ಓದಿದ್ದು ಎರಡನೇ ವಾಕ್ಯವನ್ನು ಮಾತ್ರ. ಅದನ್ನೇ ಕತ್ತರಿಸಿ ಕಳಿಸಿದರು: ‘ಡಬ್ಲಿನ್‌ನಿಂದಲೇ ಒಪ್ಪಿಗೆ ಬಂತು. ಪುಟ್ಟ ಈಗ ಏನು ಹೇಳುತ್ತಾನೆ?’

ಪುಟ್ಟಣ್ಣ ಏನೂ ಹೇಳಲಿಲ್ಲ. ಬೆಳಿಗ್ಗೆ ‘ಯಾವ ಸಂಬಂಧವೂ ಇಲ್ಲ’ ಅಂದಿದ್ದನ್ನು ಮೆಲ್ಲಗೆ ಅಳಿಸಿದ. ‘ಈ ಸಂದೇಶವನ್ನು ಅಳಿಸಲಾಗಿದೆ’ ಅಂತ ಬಂದಿದ್ದನ್ನು ಎಲ್ಲರೂ ನೋಡಿದರು.

ಅಕ್ಕ ಆಮೇಲೆ ನಾಲ್ಕು ನಿಮಿಷದ ಒಂದು ಧ್ವನಿ ಸಂದೇಶ ಹಾಕಿದಳು. ಅದನ್ನು ಪೂರ್ತಿ ಕೇಳಿದ್ದು ಬಹುಶಃ ನಾನೊಬ್ಬಳೇ, ಅದೂ ಸೊಪ್ಪು ಬಿಡಿಸುತ್ತಾ. ನನಗಂತೂ ಇಡೀ ದಿನದಲ್ಲಿ ಅದೇ ರುಚಿಯಾದ ಭಾಗ.

ಕಿಲ್ಡೇರ್ ಅನ್ನುವ ಊರಿದೆ. ಅಲ್ಲಿನ ಭಾಷೆಯಲ್ಲಿ ‘ಓಕ್ ಮರದ ಚರ್ಚು’ ಅಂತ ಅರ್ಥ. ಸಂತ ಬ್ರಿಜಿಡ್ ಅಲ್ಲಿ ಮಠ ಕಟ್ಟಿ, ಸುಮಾರು 525ರಲ್ಲಿ ತೀರಿಕೊಂಡಳು ಅನ್ನುವುದು ವಾಡಿಕೆ. ಅವಳ ಕಥೆ ಬರೆದವನು ಕೋಗಿಟೋಸಸ್ ಅನ್ನುವ ಸನ್ಯಾಸಿ, ಸುಮಾರು 650ರಲ್ಲಿ. ಅವನ ಬರಹದಲ್ಲಿ ದೇವಿಯ ಸುದ್ದಿಯೇ ಇಲ್ಲ. ನೀರನ್ನು ಬಿಯರ್ ಮಾಡಿದ್ದಿದೆ. ಬಿಸಿಲುಕೋಲನ್ನು ಮರ ಅಂದುಕೊಂಡು ಮಳೆಯಲ್ಲಿ ನೆನೆದ ಬಟ್ಟೆಯನ್ನು ಅದರ ಮೇಲೆ ಒಣಗಹಾಕಿದ್ದಿದೆ. ಅದು ಬೀಳಲಿಲ್ಲವಂತೆ.

ದೇವಿ ಬರುವುದು ಸುಮಾರು 900ರ ಒಂದು ನಿಘಂಟಿನಲ್ಲಿ. ಕಾರ್ಮಾಕ್ ಅನ್ನುವವನು ಬರೆಸಿದ್ದು ಅನ್ನುತ್ತಾರೆ. ಅವನು ರಾಜ, ಬಿಷಪ್ ಎರಡೂ. ಬ್ರಿಗಿಡ್ ಅಂದರೆ ದಗ್ಡಾ ದೇವರ ಮಗಳು, ಕವಿಗಳು ಪೂಜಿಸುವ ದೇವಿ ಅಂತ ಅದರಲ್ಲಿದೆ. ಅವಳಿಗೆ ಇಬ್ಬರು ಸೋದರಿಯರು. ಒಬ್ಬಳು ವೈದ್ಯದವಳು, ಇನ್ನೊಬ್ಬಳು ಕಮ್ಮಾರಿಕೆಯವಳು. ಆ ಇಬ್ಬರ ಹೆಸರೂ ಬ್ರಿಗಿಡ್ಡೇ! ಮನೆಯಲ್ಲಿ ಕೂಗಿದರೆ ಮೂವರೂ ಬರುತ್ತಿದ್ದರೇನೋ.

ಅಂದರೆ ಕಾಗದದ ಲೆಕ್ಕದಲ್ಲಿ ಸಂತಳೇ ದೊಡ್ಡವಳು, ದೇವಿ ಇನ್ನೂರೈವತ್ತು ವರ್ಷ ಚಿಕ್ಕವಳು. ಎರಡನ್ನೂ ಬರೆದಿಟ್ಟವರು ಚರ್ಚಿನವರೇ. ಇತ್ತ ಫೆಬ್ರವರಿ 1 ಅನ್ನುವುದು ಇಂಬೊಲ್ಕ್ ಅನ್ನುವ ಅದಕ್ಕಿಂತ ಹಳೇ ಹಬ್ಬ, ಕುರಿಗಳು ಹಾಲು ಇಳಿಸುವ ಹೊತ್ತು. ಹಾಗಾಗಿ ದೇವಿಯೇ ಸಂತಳಾದಳೋ, ನಿಜವಾಗಿ ಇದ್ದ ಒಬ್ಬ ಸನ್ಯಾಸಿನಿಗೆ ದೇವಿಯ ಗುಣಗಳು ಬಂದು ಅಂಟಿಕೊಂಡವೋ ಅಂತ ಓದಿದವರು ಇವತ್ತಿಗೂ ಜಗಳ ಆಡುತ್ತಾರೆ. ‘ಮತಾಂತರ ಮಾಡಿದರು’ ಅಂತ ಒಂದೇ ಸಾಲಿನಲ್ಲಿ ಮುಗಿಸುವ ವಿಷಯ ಅಲ್ಲ ಇದು.

ಇದನ್ನೆಲ್ಲ ನಾನು ನಾಲ್ಕು ಸಾಲಿನಲ್ಲಿ ಟೈಪ್ ಮಾಡಿ ಹಾಕಿದೆ. ಉತ್ತರ ಬಂದಿದ್ದು ಗುಂಡನಿಂದ.

‘ಒಂದೇ ಹೆಸರು ಮೂವರಿಗೆ ಅಂದ ತಕ್ಷಣ ಅಜ್ಜಿ ಮನೆಯ ಮೂರು ಗೌರಿ ನೆನಪಾದವು. ಮೂರೂ ಹಸುಗೂ ಗೌರಿ ಅಂತಲೇ ಹೆಸರು!’

ಅಷ್ಟೇ ಸಾಕಾಯಿತು. ಕೊಟ್ಟಿಗೆ, ಹಿತ್ತಲ ಹಲಸು, ಹುರುಳಿಕಟ್ಟಿನ ಸಾರು, ಬಾವಿಗೆ ಬಿದ್ದ ಕೊಡ. ಹೊಗೆ ಹಿಡಿದ ಗೋಡೆಯ ಮುಂದೆ ಎಲ್ಲರೂ ನಿಂತ ಹಳೇ ಫೋಟೋ ಒಂದು ಬಂತು. ಅದರಲ್ಲಿ ಯಾರ ಮುಖ ಯಾವುದು ಅಂತ ಅರ್ಧ ಗಂಟೆ.

ಪಾಪ, ಅಕ್ಕ ಅಲ್ಲಿಂದ ಎಳೆದು ತರಲು ನೋಡಿದಳು. ಮಠಕ್ಕೆ ಜಾಗ ಕೇಳಿದಾಗ ಆ ಕಡೆಯ ಲೆನ್‌ಸ್ಟರ್ ಪ್ರಾಂತ್ಯದ ರಾಜ ‘ನಿನ್ನ ಹೊದಿಕೆ ಮುಚ್ಚುವಷ್ಟು ಜಾಗ ತೆಗೆದುಕೋ’ ಅಂದನಂತೆ. ಬ್ರಿಜಿಡ್ ಹಾಸಿದ ಹೊದಿಕೆ ಹರಡುತ್ತಾ ಹೋಗಿ ಕಿಲ್ಡೇರ್ ಪಕ್ಕದ ಕರಾ ಬಯಲನ್ನೆಲ್ಲ ಮುಚ್ಚಿತಂತೆ. ಚಿಕ್ಕಪ್ಪ ಬರೆದರು: ‘ನಮ್ಮಪ್ಪನಿಗೂ ಅಂಥ ಶಾಲು ಒಂದಿದ್ದಿದ್ದರೆ ನನ್ನ ಪಾಲಿಗೆ ಬರೀ ಕಲ್ಲುಹೊಲ ಬರುತ್ತಿರಲಿಲ್ಲ.’

ದೊಡ್ಡಪ್ಪ: ‘ಪಾಲಿನ ಮಾತು ಇಲ್ಲಿ ಬೇಡ.’

ಆಗಲೇ ನಿಲ್ಲಿಸಬಹುದಿತ್ತು. ಅಕ್ಕ ಬೆಂಕಿಯ ಕಥೆ ಹೇಳಿದಳು.

12ನೇ ಶತಮಾನದ ಕೊನೆಯಲ್ಲಿ ವೇಲ್ಸ್‌ನ ಜೆರಾಲ್ಡ್ ಅನ್ನುವ ಪಾದ್ರಿ ಐರ್ಲೆಂಡಿಗೆ ಬಂದು ಕಂಡದ್ದು ಕೇಳಿದ್ದನ್ನೆಲ್ಲ ಬರೆದಿಟ್ಟಿದ್ದಾನೆ. ಕಿಲ್ಡೇರ್‌ನಲ್ಲಿ ಎಂದೂ ಆರದ ಬೆಂಕಿ ಇತ್ತು. ಸುತ್ತ ಬೇಲಿ. ಗಂಡಸರು ಒಳಗೆ ಕಾಲಿಡುವಂತಿಲ್ಲ. ಬಾಯಿಂದ ಊದುವಂತಿಲ್ಲ, ತಿದಿಯಿಂದಲೋ ಬೀಸಿಯೋ ಉರಿಸಬೇಕು. ಎಷ್ಟು ಉರಿದರೂ ಬೂದಿ ಹೆಚ್ಚುತ್ತಿರಲಿಲ್ಲ. ಹತ್ತೊಂಬತ್ತು ಸನ್ಯಾಸಿನಿಯರು ರಾತ್ರಿಗೊಬ್ಬರಂತೆ ಕಾಯುತ್ತಿದ್ದರು. ಇಪ್ಪತ್ತನೇ ರಾತ್ರಿ ಕೊನೆಯವಳು ಸೌದೆ ಪಕ್ಕದಲ್ಲಿಟ್ಟು, ‘ಬ್ರಿಜಿಡ್, ಇವತ್ತು ನಿನ್ನ ಸರದಿ, ನಿನ್ನ ಬೆಂಕಿ ನೀನೇ ನೋಡಿಕೋ’ ಅಂತ ಹೇಳಿ ಹೊರಟುಬಿಡುತ್ತಿದ್ದಳು. ಬೆಳಿಗ್ಗೆ ಬಂದು ನೋಡಿದರೆ ಸೌದೆ ಖರ್ಚಾಗಿರುತ್ತಿತ್ತು, ಬೆಂಕಿ ಹಾಗೇ ಇರುತ್ತಿತ್ತು. ಮುಂದೆ ಯಾವಾಗಲೋ ಆರಿದ್ದನ್ನು 1993ರಲ್ಲಿ ಬ್ರಿಜಿಡೈನ್ ಅನ್ನುವ ಪಂಗಡದ ಸನ್ಯಾಸಿನಿಯರು ಪೇಟೆ ಚೌಕದಲ್ಲಿ ಮತ್ತೆ ಹೊತ್ತಿಸಿದರು.

ಶಾರದತ್ತೆ: ‘ಅಲ್ಲಿ ಹತ್ತೊಂಬತ್ತು ಜನ ಕಾದರಂತೆ. ನಮ್ಮಮ್ಮನ ನಂದಾದೀಪ ಕಾಯೋದಕ್ಕೆ ಈ ಮನೆಯಲ್ಲಿ ಮೂರು ಜನ ಸೊಸೆಯರಿಗೆ ಆಗಲಿಲ್ಲ.’

ಗುಂಪು ಒಮ್ಮೆಲೇ ಸುಮ್ಮನಾಯಿತು.

ಈ ಕಥೆ ನಮಗೆಲ್ಲ ಗೊತ್ತು. ಗುಂಡನ ನಾಮಕರಣದ ರಾತ್ರಿ ಅಜ್ಜಿಯ ದೇವರ ಮನೆಯ ದೀಪ ಆರಿತು. ಅವತ್ತು ದೀಪದ ಸರದಿ ದೊಡ್ಡಮ್ಮನದು. ಮುಂದಿನ ವರ್ಷವೇ ಮನೆ ಪಾಲಾಯಿತು. ಅತ್ತೆಯ ಪ್ರಕಾರ ಎರಡಕ್ಕೂ ಸಂಬಂಧ ಇದೆ. ಮೂವತ್ತು ವರ್ಷದಿಂದ ಇದೆ.

‘ದೊಡ್ಡಮ್ಮ ಟೈಪ್ ಮಾಡುತ್ತಿದ್ದಾರೆ’ ಅಂತ ಆರು ನಿಮಿಷ ತೋರಿಸಿತು. ಬಂದಿದ್ದು ಒಂದೇ ಸಾಲು.

‘ಅವತ್ತು ಎಣ್ಣೆ ಇಟ್ಟಿದ್ದ ಉಗ್ರಾಣದ ಬೀಗದ ಕೈ ಯಾರ ಸೊಂಟದಲ್ಲಿತ್ತು?’

ಅತ್ತೆ ಗುಂಪು ಬಿಟ್ಟರು. ಚಿಕ್ಕಪ್ಪ ಮತ್ತೆ ಸೇರಿಸಿದರು. ಮತ್ತೆ ಬಿಟ್ಟರು. ದೊಡ್ಡಪ್ಪ ‘ತಾಳ್ಮೆಯೇ ಸಂಸಾರದ ಭೂಷಣ’ ಅಂತ ಶುರುಮಾಡಿ ದೊಡ್ಡ ಪ್ಯಾರಾ ಹಾಕಿದರು. ಅದರ ಮೇಲೆಯೇ ಯಾರೋ ಶಿವನ ಚಿತ್ರದ ‘ಶುಭ ಸೋಮವಾರ’ ಕಳಿಸಿದರು. ಪುಟ್ಟಣ್ಣ ಮಾತ್ರ ಹಳೇ ವರಸೆ ಬಿಡಲಿಲ್ಲ: ‘ಜೆರಾಲ್ಡ್ ಬರೆದಿದ್ದು ಯಾವ ಪುಸ್ತಕದಲ್ಲಿ? ಪುಟ ಸಂಖ್ಯೆ?’

ರಾತ್ರಿ ಅಡುಗೆಮನೆಯಲ್ಲಿ ಹಾಲು ಹೆಪ್ಪು ಹಾಕುತ್ತಿದ್ದ ಅಮ್ಮನಿಗೆ ಬೆಂಕಿಯ ಕಥೆಯನ್ನು ಪೂರ್ತಿ ಹೇಳಿದೆ. ಅಮ್ಮ ಗುಂಪಿನಲ್ಲಿದ್ದಾಳೆ, ಆದರೆ ಇವತ್ತಿನವರೆಗೂ ಒಂದಕ್ಷರ ಬರೆದಿಲ್ಲ. ಆ ಮನೆಗೆ ಕೊನೆಯ ಸೊಸೆ ಅವಳೇ.

‘ಆ ಇಪ್ಪತ್ತನೇ ರಾತ್ರಿ ಒಳಗೆ ಯಾರೂ ಇರುತ್ತಿರಲಿಲ್ಲವಾ?’ ಅಂತ ಕೇಳಿದಳು.

‘ಯಾರೂ ಇಲ್ಲ ಅಂತ ಬರೆದಿದ್ದಾನೆ.’

ಅಮ್ಮ ಪಾತ್ರೆಗೆ ತಟ್ಟೆ ಮುಚ್ಚಿ, ಸೆರಗಿಗೆ ಕೈ ಒರೆಸಿಕೊಂಡಳು.

‘ನಿಮ್ಮಜ್ಜಿ ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತಿದ್ದರು. ನಾನು ನೀರೊಲೆಗೆ ಉರಿ ಹಾಕೋದಕ್ಕೆ ಏಳುತ್ತಿದ್ದೆ. ತಿಂಗಳಿಗೆ ಎರಡು ಮೂರು ಸಲ ದೇವರ ಮನೆಯಿಂದ ಕಡ್ಡಿ ಗೀರುವ ಸದ್ದು ಕೇಳುತ್ತಿತ್ತು. ಬೆಂಕಿಪೊಟ್ಟಣ ಮಡಿಲಲ್ಲೇ ಇಟ್ಟುಕೊಳ್ಳುತ್ತಿದ್ದರು. ಗುಂಡನ ನಾಮಕರಣದ ದಿನ ಅವರಿಗೆ ಜ್ವರ, ಏಳಲಿಲ್ಲ.’

ನಾನು ಫೋನ್ ತೆಗೆದು ಟೈಪ್ ಮಾಡಲು ಶುರುಮಾಡಿದೆ.

‘ಅದನ್ನೆಲ್ಲ ಗ್ರೂಪಿಗೆ ಹಾಕಬೇಡ,’ ಅಂದಳು ಅಮ್ಮ. ‘ಲೈಟ್ ಆರಿಸು, ಹೋಗಿ ಮಲಗು.’